ತಟ್ಟೆ ಲೋಟ ಬೇರೆ ಇಡೋದು ಬೇಡ

ಪ್ರಶ್ನೆ: ಡಾಕ್ಟ್ರೇ, ನಮ್ದು ಕುಂದಾಪುರ ಕಡೆ, ಈಗ ಡೊಂಬಿವಲಿಲಿ ಇದ್ದೀವಿ. ನಂಗೆ ಐದು ತಿಂಗ್ಳು. ಬ್ಲಡ್ ಟೆಸ್ಟಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂತು, ಯಾವತ್ತೂ ಕಾಮಾಲೆ ಆದವಳಲ್ಲ ನಾನು. ಅತ್ತೆ ನನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ, ಮಗುಗೆ ಹಾಲೂ ಕೊಡ್ಬಾರ್ದಂತೆ. ಮಗುಗೆ ಬಂದೇ ಬರುತ್ತಾ? ಬಾಣಂತನಕ್ಕೆ ಊರಿಗೆ ಹೋಗೋದಿದೆ.

ಉತ್ತರ: ಮೊದ್ಲು ತಟ್ಟೆ ವಿಷ್ಯ ಮುಗಿಸೋಣಮ್ಮ. ಮಳೆಗಾಲದಲ್ಲಿ ಕೆಟ್ಟ ನೀರು, ಪಾನಿಪುರಿಯಿಂದ ಬರೋ ಕಾಮಾಲೆ ಎ ಮತ್ತೆ ಇ ವೈರಸ್ಸಿಂದು, ಅತ್ತೆ ತಲೇಲಿ ಇರೋದು ಅದೇ. ಬಿ ಹರಡೋದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುಗೆ. ಒಟ್ಟಿಗೆ ಕೂತು ಗಂಜಿ ಉಂಡ್ರೆ ಬರಲ್ಲ. ರೇಜರ್, ಟೂತ್‌ಬ್ರಷ್, ನೇಲ್ ಕಟರ್ ಮಾತ್ರ ಬೇರೆ ಇರ್ಲಿ.

ಮಗುಗೆ ಬಂದೇ ಬರುತ್ತೆ ಅಂತೇನಿಲ್ಲ, ಆದ್ರೆ ಹುಟ್ಟಿದ ದಿನಾನೇ ಕೆಲ್ಸ ಆಗ್ಬೇಕು. ಒಂದು ತೊಡೆಗೆ ಲಸಿಕೆ, ಇನ್ನೊಂದಕ್ಕೆ ಇಮ್ಯುನೊಗ್ಲಾಬ್ಯುಲಿನ್ ಅಂದ್ರೆ ವೈರಸ್ಸನ್ನ ತಕ್ಷಣ ತಡೆಯೋ ರೆಡಿಮೇಡ್ ಪ್ರತಿಕಾಯದ ಇಂಜೆಕ್ಷನ್, ಎರಡೂ 12 ಗಂಟೆ ಒಳಗೆ ಆದ್ರೆ ಒಳ್ಳೇದು. ಲಸಿಕೆ ಎಲ್ಲಾ ಕಡೆ ಸಿಗುತ್ತೆ, ಈ ಎರಡನೇದು ಸಣ್ಣ ನರ್ಸಿಂಗ್ ಹೋಮಲ್ಲಿ ಇರಲ್ಲ, ರಾತ್ರಿ ಎರಡು ಗಂಟೆಗೆ ಹೆರಿಗೆ ಆಗಿ ಮಗು ಅಪ್ಪ ಚೀಟಿ ಹಿಡ್ಕೊಂಡು ಮೆಡಿಕಲ್ ಮೆಡಿಕಲ್ ಅಲೆಯೋದನ್ನ ನಾನೇ ನೋಡಿದ್ದೀನಿ, ಅದ್ಕೇ ಊರಿನ ಆಸ್ಪತ್ರೆಗೆ ಏಳನೇ ತಿಂಗ್ಳಲ್ಲೇ ಫೋನ್ ಮಾಡಿ, ಅವ್ರ ಫ್ರಿಜ್ಜಲ್ಲಿ ತರಿಸಿ ಇಡೋಕೆ ಹೇಳಿ. ಡೊಂಬಿವಲಿ ಫೈಲ್ ಸೂಟ್‌ಕೇಸಲ್ಲಿ ಬೇಡ, ಕೈಚೀಲದಲ್ಲಿರ್ಲಿ. ಆಮೇಲೆ 6, 10, 14ನೇ ವಾರದ ಲಸಿಕೆ ತಪ್ಪಿಸ್ಬೇಡಿ.

ಈಗ್ಲೇ ಮಾಡ್ಸೋದು ವೈರಲ್ ಲೋಡ್, ಅಂದ್ರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನೋ ಟೆಸ್ಟ್, ಮತ್ತೆ ಲಿವರ್ ಟೆಸ್ಟ್. ಲೋಡ್ ಎರಡು ಲಕ್ಷ (ರಿಪೋರ್ಟಲ್ಲಿ IU/ml ಲೆಕ್ಕ) ದಾಟಿದ್ರೆ ಕೊನೇ ಮೂರು ತಿಂಗ್ಳು ವೈರಸ್ ತಗ್ಗಿಸೋ ಟೆನೋಫೋವಿರ್ ಮಾತ್ರೆ ಕೊಡ್ತಾರೆ, ಗರ್ಭಿಣಿಯರಿಗೆ ಅದು ಸೇಫ್. 2018ರಲ್ಲಿ ಶುರುವಾದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಟೆಸ್ಟು, ಮಾತ್ರೆ ಫ್ರೀ, ದೊಡ್ಡ ಸರ್ಕಾರಿ ಆಸ್ಪತ್ರೇಲಿ ವಿಚಾರಿಸಿ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಊರಲ್ಲಿ ಯಾರಾದ್ರೂ ನೆಲನೆಲ್ಲಿ ಅರೆದು ಕೊಟ್ರೆ ಬೇಜಾರಾಗದ ಹಾಗೆ ಬೇಡ ಅನ್ನಿ.

ಹಾಲು ಧಾರಾಳವಾಗಿ ಕೊಡಿ. ತೊಟ್ಟು ಬಿರಿದು ರಕ್ತ ಬಂದ್ರೆ ಮಾತ್ರ ಡಾಕ್ಟ್ರಿಗೆ ತೋರ್ಸಿ. ಒಂಬತ್ತು ತಿಂಗ್ಳಿಂದ ವರ್ಷದೊಳಗೆ ಮಗು ರಕ್ತ ಒಮ್ಮೆ ಟೆಸ್ಟ್ ಮಾಡ್ಸಿ, ಅಲ್ಲಿವರ್ಗೆ ದಿನಾ ಕಣ್ಣು ಹಳದಿ ಆಯ್ತಾ ಅಂತ ನೋಡ್ತಾ ಕೂರ್ಬೇಡಿ.

ನಿಮ್ಗೂ ಇದು ಹುಟ್ಟುವಾಗ್ಲೇ ಬಂದಿರ್ಬಹುದು, ಹಾಗಾಗಿ ಅಮ್ಮ, ಅಣ್ಣ ತಮ್ಮಂದಿರೂ ಟೆಸ್ಟ್ ಮಾಡ್ಸ್ಲಿ. ಯಜಮಾನ್ರು, ಅತ್ತೆ ಕೂಡ. ನೆಗೆಟಿವ್ ಇದ್ರೆ ಆರು ತಿಂಗ್ಳಲ್ಲಿ ಮೂರು ಡೋಸ್ ಲಸಿಕೆ. ಅತ್ತೆನ ನೀವೇ ಜೊತೇಲಿ ಕರ್ಕೊಂಡು ಹೋಗಿ, ತಟ್ಟೆ ವಿಷ್ಯ ಅಲ್ಲಿನ ಡಾಕ್ಟ್ರೇ ಹೇಳ್ಲಿ, ಸೊಸೆ ಹೇಳಿದ್ರೆ ಅದು ಜಗಳ ಆಗುತ್ತೆ.