ಮಾರ್ಚ್ ಬಂತೆಂದರೆ ಸರ್ಕಾರಿ ಇಲಾಖೆಗಳು ತರಾತುರಿಯಲ್ಲಿ ಹಣ ಖರ್ಚು ಮಾಡುವುದೇಕೆ?

ಖರ್ಚಾಗದೆ ಉಳಿದ ಹಣ ಮಾರ್ಚ್ 31ಕ್ಕೆ ಇಲಾಖೆಯ ಕೈತಪ್ಪುತ್ತದೆ, ಅದಕ್ಕೇ. ಸಂಸತ್ತಾಗಲಿ ವಿಧಾನಸಭೆಯಾಗಲಿ ಬಜೆಟ್‌ನಲ್ಲಿ ಒಪ್ಪಿಗೆ ಕೊಡುವುದು ಒಂದು ವರ್ಷದ ಖರ್ಚಿಗೆ. ಜೊತೆಗೆ ಇನ್ನೊಂದು ಭಯ: ಈ ವರ್ಷ ಹಣ ಉಳಿಸಿದರೆ 'ಇವರಿಗೆ ಅಷ್ಟು ಬೇಕಿಲ್ಲ' ಎಂದು ಮುಂದಿನ ವರ್ಷದ ಅನುದಾನಕ್ಕೇ ಕತ್ತರಿ ಬೀಳಬಹುದು. ಅಂದರೆ ಉಳಿಸಿದವರಿಗೇ ಪೆಟ್ಟು, ಅಲ್ವಾ? ಹಾಗಾಗಿ ಚೆನ್ನಾಗಿರುವ ಫುಟ್‌ಪಾತನ್ನೂ ಕಿತ್ತು ಹೊಸ ಕಲ್ಲು ಹಾಕುತ್ತಾರೆ. ಅವಸರದ ಕೆಲಸ, ಗುಣಮಟ್ಟ ನೋಡಲು ಪುರುಸೊತ್ತಿಲ್ಲ. ನಮ್ಮ ತೆರಿಗೆ ಹಣ ಹೀಗೆ ಸುಮ್ನೆ ಪೋಲಾಗುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕೇಂದ್ರದ ಹಣಕಾಸು ನಿಯಮಗಳೂ ಇದನ್ನು ತಪ್ಪೆಂದೇ ಹೇಳುತ್ತವೆ. ಕೊನೆಯ ಮೂರು ತಿಂಗಳಲ್ಲಿ ಬಜೆಟ್‌ನ ಶೇ 33, ಮಾರ್ಚ್ ಒಂದರಲ್ಲೇ ಶೇ 15ಕ್ಕಿಂತ ಜಾಸ್ತಿ ಖರ್ಚು ಮಾಡಬಾರದೆಂದು ಕೇಂದ್ರ ಹಣಕಾಸು ಸಚಿವಾಲಯ ತನ್ನ ಇಲಾಖೆಗಳಿಗೆ ಮಿತಿ ಹಾಕಿದ್ದು ಇದೇ ಕಾರಣಕ್ಕೆ.