ಎಕ್ಸ್‌ರೇ ನಾರ್ಮಲ್, ಆದರೂ ಮಣಿಕಟ್ಟು ನೋವು. ಎಂಆರ್‌ಐ ಬೇಕಾ?

ಬೈಕಿಂದ ಬಿದ್ದು ಹತ್ತು ದಿನ ಆಯ್ತು, ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು, ಹೆಬ್ಬೆರಳ ಬುಡದ ನೋವು ಮಾತ್ರ ಹೋಗಿಲ್ಲ, ಎಂಆರ್‌ಐ ಮಾಡಿಸಿದರೆ ಸುಮ್ನೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ಖಂಡಿತ ದಂಡ ಅಲ್ಲ. ನನಗೂ ಹೀಗೇ ಆಗಿತ್ತು.

ಬಚ್ಚಲಲ್ಲಿ ಜಾರಿ ಅಂಗೈ ಊರಿ ಬಿದ್ದಿದ್ದೆ. ಎಕ್ಸ್‌ರೇ ನೋಡಿ ಉಳುಕು ಅಷ್ಟೇ ಅಂತ ಬ್ಯಾಂಡೇಜ್ ಸುತ್ತಿ ಕಳಿಸಿದರು. ಮೂರನೇ ವಾರವೂ ಚಪಾತಿ ಹಿಟ್ಟು ನಾದಲು ಆಗಲಿಲ್ಲ, ಬೀಗ ತಿರುಗಿಸಿದರೆ ಕಣ್ಣಲ್ಲಿ ನೀರು. ಆಮೇಲೆ ತೋರಿಸಿದ ಮೂಳೆ ಡಾಕ್ಟರು ಫಿಲ್ಮ್ ಕೇಳುವ ಮೊದಲು ನನ್ನ ಕೈ ಹಿಡಿದರು. ಹೆಬ್ಬೆರಳು ಮೇಲೆತ್ತಿದಾಗ ಅದರ ಬುಡದಲ್ಲಿ ಎರಡು ಹುರಿಗಳ ನಡುವೆ ಗುಳಿ ಬೀಳುತ್ತದೆ ಅಲ್ವಾ, ಅಲ್ಲಿ ಒತ್ತಿದರು. ಕುರ್ಚಿಯಿಂದ ಎದ್ದೇಬಿಟ್ಟೆ. ಎಂಆರ್‌ಐಯಲ್ಲಿ ಮಣಿಕಟ್ಟಿನ ಹೆಬ್ಬೆರಳ ಕಡೆ ಇರುವ ಸ್ಕೇಫಾಯ್ಡ್ ಮೂಳೆ ಬಿರುಕು ಬಿಟ್ಟಿದ್ದು ಕಾಣಿಸಿತು.

ಗೋಡಂಬಿಯಂಥ ಪುಟ್ಟ ಮೂಳೆ ಅದು. ತುಂಡು ಜರುಗದಿದ್ದರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಹೋಗಬಹುದು. 10-14 ದಿನದಲ್ಲಿ ಬಿರುಕಿನ ಅಂಚು ಕರಗಿ ಗೆರೆ ಎದ್ದು ಕಾಣುತ್ತದೆ, ಅದಕ್ಕೇ ಅನುಮಾನ ಇದ್ದರೆ ಪ್ಲಾಸ್ಟರ್ ಹಾಕಿ ಮತ್ತೆ ಎಕ್ಸ್‌ರೇಗೆ ಕರೆಯುತ್ತಾರೆ. ಎಂಆರ್‌ಐಗೆ ಅಷ್ಟು ದಿನ ಕಾಯಬೇಕಿಲ್ಲ, ಮೂಳೆಯೊಳಗಿನ ಊತವೇ ಅದರಲ್ಲಿ ಕಾಣುತ್ತದೆ. ತಡ ಮಾಡಬೇಡಿ ಅನ್ನೋದು ಯಾಕೆ ಅಂದರೆ, ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳ ಕಡೆಯಿಂದ ಬರುತ್ತದೆ. ನಡುವೆ ಮುರಿದರೆ ಆಚೆ ತುದಿಗೆ ರಕ್ತ ತಲುಪದೆ ಅದು ಸಾಯಬಹುದು.

ಹಾಗಂತ ಯಾವಾಗಲೂ ದೊಡ್ಡ ಸ್ಕ್ಯಾನೇ ಬೇಕು ಅಂತಲ್ಲ. ಅಮ್ಮನಿಗೆ ಪಿತ್ತಕೋಶ ತೆಗೆದ ಐದನೇ ದಿನ ಜ್ವರ ಬಂತು, ಹೊಟ್ಟೆ ಉಬ್ಬಿತು. ಲಿವರ್ ಕೆಳಗೆ ನೀರು ನಿಂತಿದೆ ಅಂತ ತೋರಿಸಿದ್ದು ಸಾದಾ ಅಲ್ಟ್ರಾಸೌಂಡ್. ಅದು ರಕ್ತವೋ ಪಿತ್ತವೋ ಅಂತ ಅದರಲ್ಲಿ ಗೊತ್ತಾಗಲಿಲ್ಲ. ಪರದೆ ನೋಡುತ್ತಲೇ ಸೂಜಿ ಹಾಕಿ ಎಳೆದರು, ಹಸಿರು-ಹಳದಿ ಪಿತ್ತ ಬಂತು. ಆಮೇಲೆ ಎಂಡೋಸ್ಕೋಪಿಯಲ್ಲಿ ಪಿತ್ತನಾಳಕ್ಕೆ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಹಾಕಿದ ಮೇಲೆ ಪಿತ್ತದ ಸೋರಿಕೆ ನಿಂತಿತು.

ನೀವು ನಾಳೆಯೇ ಮೂಳೆ ಡಾಕ್ಟರ ಹತ್ತಿರ ಹೋಗಿ, ಆ ಗುಳಿಯಲ್ಲಿ ಒತ್ತಿ ನೋಡಲು ಹೇಳಿ. ಎಂಆರ್‌ಐ ದುಡ್ಡು ಜಾಸ್ತಿ ಅನಿಸಿದರೆ, ಹೇಗೂ ಹತ್ತು ದಿನ ಆಗಿದೆ, ಸ್ಕೇಫಾಯ್ಡ್‌ಗೆ ಅಂತಲೇ ಬೇರೆ ಬೇರೆ ಕೋನದಲ್ಲಿ ಮತ್ತೊಮ್ಮೆ ಎಕ್ಸ್‌ರೇ ತೆಗೆಯಬಹುದಾ ಕೇಳಿ. ಹಳೇ ಫಿಲ್ಮ್ ಒಯ್ಯಿರಿ. ಅಲ್ಲಿವರೆಗೆ ಆ ಕೈಯಲ್ಲಿ ಬೈಕ್ ಓಡಿಸಬೇಡಿ, ಭಾರ ಎತ್ತಬೇಡಿ.