ಬರೆದವರ ಮಾತೇ ಕೊನೆಯ ಮಾತೇ?

ಓದುಗರ ಪತ್ರ: ಇಪ್ಪತ್ತು ವರ್ಷಗಳಿಂದ ಮತ್ತೆ ಮತ್ತೆ ಓದುತ್ತ ಬಂದ ಕಾದಂಬರಿಯೊಂದರ ಕೊನೆಯಲ್ಲಿ ತಾಯಿ ಮನೆ ಬಿಟ್ಟು ಹೊರಡುತ್ತಾಳೆ. ನನ್ನ ಪಾಲಿಗೆ ಅದು ಬಿಡುಗಡೆ. ಈಚೆಗೆ ಲೇಖಕರಿಗೆ ಹಾಗೆಂದು ಬರೆದೆ. ‘ತಪ್ಪು ತಿಳಿದಿದ್ದೀರಿ, ನಾನು ಬರೆದದ್ದು ಅವಳ ಸೋಲನ್ನು’ ಎಂಬ ಉತ್ತರ ಬಂತು. ಹಾಗಾದರೆ ಇಷ್ಟು ವರ್ಷ ನಾನು ಓದಿದ್ದು ಯಾವ ಪುಸ್ತಕವನ್ನು?

ಸಂಪಾದಕರ ಉತ್ತರ: ಲೇಖಕರು ಉತ್ತರ ಬರೆದರಲ್ಲ, ಅದೇ ದೊಡ್ಡದು. ನಾವು ಬರೆದ ಕಾಗದಗಳಿಗೇ ಎಷ್ಟೋ ಜನ ಉತ್ತರಿಸುವುದಿಲ್ಲ.

ಅವರ ಮಾತನ್ನು ತಳ್ಳಿಹಾಕಬೇಡಿ. ತೀರ್ಪೆಂದೂ ತಲೆಯ ಮೇಲೆ ಹೊರಬೇಡಿ. ಅಮೆರಿಕದ ಲೇಖಕ ರೇ ಬ್ರಾಡ್‌ಬರಿಯವರ ‘ಫ್ಯಾರನ್‌ಹೀಟ್ 451’ ಬಂದದ್ದು 1953ರಲ್ಲಿ. ಬೆಂಕಿ ಆರಿಸಬೇಕಾದ ದಳದವರೇ ಪುಸ್ತಕಗಳನ್ನು ಸುಡುವ ಕಥೆ. ಸೆನ್ಸಾರ್‌ಶಿಪ್ಪಿನ ವಿರುದ್ಧ ಬರೆದ ಕಾದಂಬರಿ ಎಂದೇ ಓದುಗರು ಅದನ್ನು ಓದಿಕೊಂಡರು. 2007ರಲ್ಲಿ ಬ್ರಾಡ್‌ಬರಿ, ಇದು ಸರ್ಕಾರದ ಸೆನ್ಸಾರಿನ ಕಥೆಯೇ ಅಲ್ಲ, ಟೀವಿಯಿಂದಾಗಿ ಓದುವ ಆಸೆಯೇ ಸತ್ತುಹೋಗುವ ಕಥೆ ಎಂದರು. ಸರಿ, ಒಪ್ಪೋಣ. ಆದರೆ 1956ರಲ್ಲಿ ರೇಡಿಯೊದಲ್ಲಿ ಅವರೇ, ಜನ ತಮ್ಮ ನೆರಳಿಗೇ ಹೆದರುತ್ತಿದ್ದ, ಪುಸ್ತಕ ಸುಟ್ಟಾರೆಂಬ ಭಯವಿದ್ದ ದಿನಗಳಲ್ಲಿ ಅದನ್ನು ಬರೆದೆ ಎಂದಿದ್ದರು. ಯಾವ ಬ್ರಾಡ್‌ಬರಿಯನ್ನು ನಂಬೋಣ? ಎರಡು ಸಲವೂ ಅವರು ಸುಳ್ಳು ಹೇಳಿರಲಾರರು. ಐವತ್ತು ವರ್ಷ ಉರುಳಿದ ಮೇಲೆ ಬರೆದವರೂ ಆ ಪುಸ್ತಕಕ್ಕೆ ಒಬ್ಬ ಓದುಗರಷ್ಟೇ. ಎಲ್ಲರಿಗಿಂತ ಹತ್ತಿರದವರು, ನಿಜ.

ಇಷ್ಟು ಕೇಳಿ ನಿಮಗೆ ಸಮಾಧಾನವಾಗಿರಬಹುದು. ತುಸು ತಾಳಿ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ವಿದ್ವಾಂಸ ಅಭಿನವಗುಪ್ತ ‘ಧ್ವನ್ಯಾಲೋಕ’ವೆಂಬ ಸಂಸ್ಕೃತ ಕಾವ್ಯಮೀಮಾಂಸೆಯ ಗ್ರಂಥಕ್ಕೆ ವ್ಯಾಖ್ಯಾನ ಬರೆಯಲು ಕೂತಾಗ, ಮೊದಲ ಪದ್ಯದಲ್ಲೇ ಸರಸ್ವತಿಯ ತತ್ತ್ವವನ್ನು ‘ಕವಿಸಹೃದಯ’ ಎಂದು ಕರೆದ. ಕವಿಯ ಪಕ್ಕದಲ್ಲೇ ಓದುವವರಿಗೂ ಮಣೆ ಹಾಕಿದ. ಆದರೆ ಆ ಮಣೆ ಪುಕ್ಕಟೆಯಲ್ಲ. ಕಾವ್ಯವನ್ನು ಓದಿ ಓದಿ ಮನಸ್ಸೆಂಬ ಕನ್ನಡಿಯನ್ನು ಯಾರು ತಿಳಿಯಾಗಿಸಿಕೊಂಡಿದ್ದಾರೋ ಅವರು ಸಹೃದಯರು ಎಂಬ ಷರತ್ತನ್ನೂ ಅವನೇ ಹಾಕಿದ್ದಾನೆ.

ನನ್ನ ತಕರಾರು ಇರುವುದು ಇಲ್ಲೇ. ನಿಮ್ಮ ಮೂರು ಪುಟದ ಪತ್ರದಲ್ಲಿ ಕಾದಂಬರಿಯ ಒಂದು ವಾಕ್ಯವೂ ಇಲ್ಲ. ನಿಮ್ಮ ಬದುಕಿನ ಸಂಗತಿ ಬೇಕಾದಷ್ಟಿದೆ (ಅದನ್ನು ಇಲ್ಲಿ ಅಚ್ಚು ಹಾಕಿಲ್ಲ, ಅದು ನಿಮ್ಮದು). ಆ ತಾಯಿಯಿಂದ ನಿಮಗೆ ಧೈರ್ಯ ಬಂತೋ, ನಿಮ್ಮ ಧೈರ್ಯವನ್ನು ನೀವೇ ಅವಳಿಗೆ ಉಡಿಸಿದಿರೋ, ಪತ್ರದಿಂದ ತಿಳಿಯುವುದಿಲ್ಲ. ಲೇಖಕರೂ ಅಷ್ಟೆ: ಸೋಲು ಎಂದರೇ ಹೊರತು ಯಾವ ಸಾಲಿನಲ್ಲಿ ಎಂದು ತೋರಿಸಲಿಲ್ಲ. ಪುಸ್ತಕವನ್ನು ಮುಚ್ಚಿಟ್ಟು ಇಬ್ಬರೂ ಜಗಳಕ್ಕೆ ನಿಂತಿದ್ದೀರಿ.

ಕೊನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಹೊರಡುವಾಗ ಅವಳು ಬಾಗಿಲು ಎಳೆದುಕೊಂಡಳೇ, ತೆರೆದೇ ಬಿಟ್ಟಳೇ? ಏನನ್ನಾದರೂ ಕೈಯಲ್ಲಿ ಹಿಡಿದಿದ್ದಳೇ? ನಿಮ್ಮನ್ನು ಹಿಡಿದು ನಿಲ್ಲಿಸಿದ ವಾಕ್ಯ ಸಿಕ್ಕರೆ ಲೇಖಕರ ಕಾಗದವನ್ನು ಅದೇ ಪುಟದಲ್ಲಿ ಇಡಿ. ಆ ವಾಕ್ಯವನ್ನು ನಮಗೂ ಬರೆದು ಕಳಿಸಿ, ಅವರು ಹೇಳಿದ್ದೇ ಸರಿ ಅನ್ನಿಸಿದರೂ.